ಸಿ. ಅಶ್ವತ್ಥ್
ಕನ್ನಡದ ಸುಗಮ ಸಂಗೀತ ಗಾಯಕ, ಸಂಗೀತ ಸಂಯೋಜಕ (29 ಡಿಸೆಂಬರ್ 1939 – 29 ಡಿಸೆಂಬರ್ 2009). ಹುಟ್ಟಿದ್ದು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಬಹುಕಾಲ ನೌಕರಿ ಮಾಡುತ್ತಲೇ ನಾಟಕಗಳಿಗೆ, ಭಾವಗೀತೆಗಳಿಗೆ ರಾಗ ಕೂಡಿಸಿದರು. ಮಾಸ್ತಿಯವರ ನಾಟಕವನ್ನು ಆಧರಿಸಿದ ‘ಕಾಕನ ಕೋಟೆ’ (1977) ಇವರ ಸಂಗೀತವಿದ್ದ ಆರಂಭದ ಚಿತ್ರ. ‘ಚಿನ್ನಾರಿ ಮುತ್ತ’, ‘ನಾಗಮಂಡಲ’ ಆಮೇಲಿನವು.

ಆದರೆ ಅಶ್ವತ್ಥರನ್ನು ಮನೆಮನೆಗೆ ಮುಟ್ಟಿಸಿದ್ದು ಶಿಶುನಾಳ ಷರೀಫರ ತತ್ವಪದಗಳು. ಹತ್ತೊಂಬತ್ತನೆಯ ಶತಮಾನದ ಆ ಪದಗಳು ಭಜನೆಯ ಮಂಡಳಿಗಳಲ್ಲಿ ಬದುಕಿದ್ದವು. ಇವರು ಅವನ್ನು ಕ್ಯಾಸೆಟ್ಟಿಗೂ, 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದ ಮೂಲಕ ತೆರೆಗೂ ತಂದರು. ಕೆಳಗಿನ ಸ್ವರದಲ್ಲಿ ಮಾತಾಡಿದಂತೆ ಶುರುವಾಗುವ ಹಾಡು ತಾರಸ್ಥಾಯಿಗೆ ಏರಿದಾಗ ದನಿ ಒಡೆದಂತಾಗುತ್ತದೆ. ಆ ಒರಟಿನಲ್ಲೇ ಪದದ ಅರ್ಥ ಎದೆಗೆ ನಾಟುತ್ತದೆ. ನಯವಾದ ಕಂಠಕ್ಕೆ ಇದು ದಕ್ಕುವುದು ಕಷ್ಟ. ಕವಿತೆಯ ಒಂದು ಶಬ್ದವೂ ರಾಗದಡಿ ಹೂತುಹೋಗದಂತೆ ಹಾಡುವುದು ಇವರ ದೊಡ್ಡ ಗುಣ.

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಇವರ ದನಿಯಲ್ಲಿ ಕವಿತೆಯ ಹಾಡು ಕೇಳಲು ಭಾರೀ ಜನ ಸೇರಿದ್ದರು. ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದಂದೇ ಬೆಂಗಳೂರಿನಲ್ಲಿ ತೀರಿಕೊಂಡರು.