ಸಂಸಾರ ಗುಟ್ಟು, ವ್ಯಾಧಿ ರಟ್ಟು: ಖಾಸಗಿತನದ ಹಕ್ಕು ನಡೆದುಬಂದ ದಾರಿ

ಟೊರಾಂಟೊ ಸುತ್ತಮುತ್ತಲ ಮಿಸಿಸಾಗಾ, ಬ್ರಾಂಪ್ಟನ್, ಮಾರ್ಕಮ್ ಊರುಗಳಲ್ಲಿ ನಾಲ್ಕು ಕನ್ನಡ ಕುಟುಂಬಗಳು ಸೇರಿದ ಕಡೆ ಪ್ರೈವೆಸಿಯ ಮಾತು ಬಂದರೆ ಒಬ್ಬರಾದರೂ ನಕ್ಕುಬಿಡುತ್ತಾರೆ. "ನಮ್ಮ ಕಡೆ ಅದೆಲ್ಲಿತ್ತು ರೀ? ಒಂದೇ ನಡುಮನೆಯಲ್ಲಿ ಹತ್ತು ಜನ ಸಾಲಾಗಿ ಮಲಗಿ ಬೆಳೆದವರು ನಾವು" ಎನ್ನುತ್ತಾರೆ. ಮಾತು ಸುಳ್ಳಲ್ಲ. ರೈಲಿನಲ್ಲಿ ಎದುರು ಕೂತ ಅಪರಿಚಿತರು ಊರು, ಕೆಲಸ, ಸಂಬಳ, ಮದುವೆಯಾಗಿದೆಯೇ ಎಂಬುದನ್ನೆಲ್ಲ ಒಂದು ನಿಲ್ದಾಣ ದಾಟುವುದರೊಳಗೆ ಕೇಳಿ ಮುಗಿಸುವ ನಾಡು ನಮ್ಮದು. ಹಾಗಾಗಿ ಖಾಸಗಿತನವೆಂದರೆ ಚಳಿದೇಶದವರ ಸರಕು, ಹೊಟ್ಟೆ ತುಂಬಿದವರ ಶೋಕಿ, ಇಲ್ಲಿಗೆ ಬಂದ ಮೇಲೆ ಚಳಿಗಾಲದ ಕೋಟಿನ ಜೊತೆ ನಾವು ಕೊಂಡುಕೊಂಡದ್ದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ.

ಆದರೆ ಅದೇ ನಡುಮನೆಯಲ್ಲಿ ನಾವೆಲ್ಲ ಕೇಳಿ ಬೆಳೆದ ಗಾದೆಯೊಂದಿದೆ: ಸಂಸಾರ ಗುಟ್ಟು, ವ್ಯಾಧಿ ರಟ್ಟು. ಮನೆಯ ಮಾತು ಮನೆಯಲ್ಲಿರಲಿ, ಕಾಯಿಲೆಯನ್ನು ಮಾತ್ರ ಮುಚ್ಚಿಡಬೇಡ, ಹೇಳಿಕೋ ಎಂದು ಅದರ ಅರ್ಥ. ಎಲ್ಲವನ್ನೂ ಬಚ್ಚಿಡು ಎಂದು ಗಾದೆ ಹೇಳುವುದಿಲ್ಲ. ಯಾವುದನ್ನು, ಯಾರ ಮುಂದೆ, ಯಾವ ಕಾರಣಕ್ಕೆ ಬಿಚ್ಚಿಡಬೇಕು ಎಂಬ ತೀರ್ಮಾನ ಆ ಮನೆಯವರದು ಎನ್ನುತ್ತದೆ. ಇಂದಿನ ಖಾಸಗಿತನದ ಕಾನೂನುಗಳ ತಿರುಳೂ ಇದೇ. ಭಾರತದಲ್ಲಿ ಈ ಹಕ್ಕು ಬೇರುಬಿಟ್ಟ ಚರಿತ್ರೆಯನ್ನು ಹಿಡಿದು ನಡೆದರೆ ದಾರಿ ಮತ್ತೆ ಮತ್ತೆ ಕರ್ನಾಟಕದ ಮೂಲಕ ಹಾಯುತ್ತದೆ. ಅದರ ಒಂದು ಕವಲು ನಾವು ವಾಸವಾಗಿರುವ ಈ ಟೊರಾಂಟೊಗೂ ಬರುತ್ತದೆ.

ಭಾರತದ ಸಂವಿಧಾನದಲ್ಲಿ ಖಾಸಗಿತನ ಎಂಬ ಪದವಿಲ್ಲ. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ, ಶೋಧನೆ ಮತ್ತು ಜಪ್ತಿಯ ವಿಷಯದಲ್ಲಿ ಅಂಥ ಹಕ್ಕನ್ನು ಸಂವಿಧಾನದೊಳಗೆ ಓದಿಕೊಳ್ಳಲಾಗದು ಎಂದಿತು. 1962ರಲ್ಲಿ ಖರಕ್ ಸಿಂಗ್ ಪ್ರಕರಣ ಬಂತು. ಉತ್ತರ ಪ್ರದೇಶದ ಈ ಮನುಷ್ಯನ ಮೇಲೆ ದರೋಡೆಯ ಆರೋಪವಿತ್ತು. ಸಾಕ್ಷ್ಯ ಸಿಗದೆ ಬಿಡುಗಡೆಯಾದ. ಆದರೂ ಪೊಲೀಸರು ಅವನ ಹೆಸರಿನಲ್ಲಿ ಕಡತ ತೆರೆದು ಓಡಾಟವನ್ನೆಲ್ಲ ಬರೆದಿಡತೊಡಗಿದರು, ನಡುರಾತ್ರಿ ಬಂದು ಬಾಗಿಲು ಬಡಿಯತೊಡಗಿದರು. ರಾತ್ರಿ ಮನೆಗೆ ಬರುವುದು ತಪ್ಪು ಎಂದ ಸುಪ್ರೀಂ ಕೋರ್ಟು, ಹಿಂಬಾಲಿಸಿ ನಿಗಾ ಇಡುವುದಕ್ಕೆ ಅಡ್ಡಿ ಹೇಳಲಿಲ್ಲ. ಖಾಸಗಿತನ ಖಾತರಿಯಾದ ಹಕ್ಕಲ್ಲ ಎಂದಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಮಾತ್ರ ಭಿನ್ನಮತ ಬರೆದು, ಆ ಹಕ್ಕು ವ್ಯಕ್ತಿ ಸ್ವಾತಂತ್ರ್ಯದ ಅಂಗವೇ ಎಂದರು. ನ್ಯಾಯಮೂರ್ತಿ ಶಾ ಅವರ ಜೊತೆ ನಿಂತರು. ಆ ಭಿನ್ನಮತ ಫಲ ಕೊಡಲು 55 ವರ್ಷ ಕಾಯಬೇಕಾಯಿತು.

ಈ ನಡುವೆ ಖಾಸಗಿತನದ ಮಾತು ನ್ಯಾಯಾಲಯದಿಂದ ಹೊರಬಿದ್ದು ರಾಜಕೀಯದ ಅಂಗಳಕ್ಕೆ ಬಂದದ್ದು ಬೆಂಗಳೂರಿನಲ್ಲಿ. ಮೌಲ್ಯಾಧಾರಿತ ರಾಜಕಾರಣದ ಮಾತಿಗೆ ದೇಶದಲ್ಲೆಲ್ಲ ಹೆಸರಾಗಿದ್ದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ಸಿಲುಕಿ ಆಗಸ್ಟ್ 1988ರಲ್ಲಿ ರಾಜೀನಾಮೆ ಕೊಟ್ಟರು. ಅಂದು ಕರ್ನಾಟಕದ ಎಷ್ಟೋ ಮನೆಗಳಲ್ಲಿ ಫೋನೇ ಇರಲಿಲ್ಲ. ಹಾಗಿದ್ದೂ ಒಬ್ಬರ ಮಾತನ್ನು ಇನ್ನೊಬ್ಬರು ಕದ್ದು ಕೇಳುವುದು ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಿಸುವಷ್ಟು ದೊಡ್ಡ ತಪ್ಪೆಂದು ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಪ್ರೈವೆಸಿ ಎಂಬ ಇಂಗ್ಲಿಷ್ ಪದ ಗೊತ್ತಿಲ್ಲದವರಿಗೂ ಕದ್ದಾಲಿಕೆ ಎಂಬ ಕನ್ನಡ ಪದ ಚೆನ್ನಾಗಿ ಗೊತ್ತಿತ್ತು.

ಕದ್ದಾಲಿಕೆಗೆ ಅವಕಾಶ ಕೊಟ್ಟಿದ್ದ ಕಾನೂನು 1885ರದು, ತಂತಿ ಸಂದೇಶದ ಕಾಲದ್ದು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆ ಅದನ್ನು ಪ್ರಶ್ನಿಸಿತು. ಡಿಸೆಂಬರ್ 1996ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ತೆಗೆದುಹಾಕಲಿಲ್ಲ. ಆದರೆ ಮನೆಯಲ್ಲೋ ಕಚೇರಿಯಲ್ಲೋ ಕೂತು ಫೋನಿನಲ್ಲಿ ಆಡುವ ಮಾತು ಖಾಸಗಿ ಬದುಕಿನ ಭಾಗ ಎಂದು ಒಪ್ಪಿತು. ಗೃಹ ಕಾರ್ಯದರ್ಶಿಯ ಮಟ್ಟದ ಆದೇಶವಿಲ್ಲದೆ ಅದನ್ನು ಆಲಿಸಬಾರದು ಎಂದು ವಿಧಿಸಿತು. ಹಕ್ಕು ಅರ್ಧ ಬಾಗಿಲು ತೆರೆದು ಒಳಗೆ ಬಂದಂತಾಯಿತು.

ಮುಂದಿನ ಅಧ್ಯಾಯದ ಎರಡೂ ಪಕ್ಷಗಳಲ್ಲಿ ಬೆಂಗಳೂರಿಗರಿದ್ದರು. 2009ರಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ವಿಶಿಷ್ಟ ಗುರುತಿನ ಪ್ರಾಧಿಕಾರದ ಅಧ್ಯಕ್ಷರಾದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ತೆಂಭಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆ ವಿತರಣೆಯಾಯಿತು. ಹೆಸರು, ವಿಳಾಸ, ಹತ್ತು ಬೆರಳುಗಳ ಗುರುತು, ಎರಡು ಕಣ್ಣುಗಳ ಚಿತ್ರ, ಅದರ ಮೇಲೆ 12 ಅಂಕಿಗಳ ಸಂಖ್ಯೆ. ಕಾಗದಪತ್ರವಿಲ್ಲದ ಬಡವನಿಗೂ ತಾನು ಯಾರೆಂದು ತೋರಿಸುವ ದಾರಿ ಸಿಗಲಿ ಎಂಬ ಅದರ ಉದ್ದೇಶವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತೊಡಕು ಬೇರೆ ಕಡೆ ಇತ್ತು. ಇಷ್ಟು ದೊಡ್ಡ ಸಂಗ್ರಹಕ್ಕೆ ಸಂಸತ್ತು ಮಾಡಿದ ಕಾನೂನೇ ಇರಲಿಲ್ಲ. ಎಲ್ಲವೂ ಸರ್ಕಾರದ ಆಡಳಿತಾದೇಶದ ಮೇಲೆ ನಡೆದಿತ್ತು. ತಂದ ಮಸೂದೆಯನ್ನು 2011ರ ಕೊನೆಯಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೇ ಒಪ್ಪಲಿಲ್ಲ.

ಆಗ ಎದ್ದು ನಿಂತವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1926ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದವರು. 2012ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದಾಗ ಅವರ ವಯಸ್ಸು 86. ಬೇರೆಯವರ ಅರ್ಜಿಗಳೂ ಒಂದೊಂದಾಗಿ ಬಂದು ಸೇರಿಕೊಂಡವು. 2015ರಲ್ಲಿ ಸರ್ಕಾರದ ಪರ ಅಟಾರ್ನಿ ಜನರಲ್ ಹಳೆಯ ಎರಡೂ ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿದರು. ಎಂಟು ಜನರ ಪೀಠದ ಮಾತನ್ನು ಮೀರಬೇಕಾದರೆ ಒಂಬತ್ತು ಜನ ಕೂರಬೇಕು. ಹಾಗೆ ಕೂತ ಒಂಬತ್ತು ನ್ಯಾಯಮೂರ್ತಿಗಳಲ್ಲಿ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಕೂಡ ಒಬ್ಬರು.

2017ರ ಆಗಸ್ಟ್ 24ರಂದು ತೀರ್ಪು ಬಂತು. ಒಂಬತ್ತೂ ಜನ ಒಂದೇ ದನಿಯಲ್ಲಿ, ಖಾಸಗಿತನವು ಬದುಕಿನ ಹಾಗೂ ಸ್ವಾತಂತ್ರ್ಯದ ಹಕ್ಕಿನ ಒಡಲಲ್ಲೇ ಇದೆ ಎಂದರು. ಬಡವರಿಗೆ ಬೇಕಾದದ್ದು ಅನ್ನ, ಹಕ್ಕಲ್ಲ ಎಂಬ ವಾದವನ್ನು ತಳ್ಳಿಹಾಕಿದರು. ಮುಖ್ಯ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ತುರ್ತು ಪರಿಸ್ಥಿತಿಯ ಕಾಲದಲ್ಲಿ ತಮ್ಮ ತಂದೆಯೇ ಭಾಗಿಯಾಗಿದ್ದ ಜಬಲ್ಪುರ ಪ್ರಕರಣದ ತೀರ್ಪನ್ನೂ ತಪ್ಪೆಂದು ಬದಿಗಿಟ್ಟರು. ಕೆನಡಾದಲ್ಲಿ ಬದುಕುವ ನಮಗೆ ಇನ್ನೊಂದು ಸಂಗತಿ ಗಮನಾರ್ಹ. ಬೇರೆ ದೇಶಗಳ ಕಾನೂನನ್ನು ತೂಗಿ ನೋಡಿದ ಭಾಗದಲ್ಲಿ ಅವರು ಕೆನಡಾದ ಸುಪ್ರೀಂ ಕೋರ್ಟಿನ 1984ರ ಹಂಟರ್ ಪ್ರಕರಣದಿಂದ 2014ರ ಸ್ಪೆನ್ಸರ್ ಪ್ರಕರಣದವರೆಗೆ ಚರ್ಚಿಸಿದ್ದಾರೆ. ಇಂಟರ್ನೆಟ್ ಸಂಪರ್ಕ ಯಾರ ಹೆಸರಿನಲ್ಲಿದೆ ಎಂಬುದನ್ನು ಪೊಲೀಸರು ಸುಮ್ಮನೆ ಕಂಪನಿಯಿಂದ ಕೇಳಿ ಪಡೆಯುವಂತಿಲ್ಲ ಎಂದ ತೀರ್ಪು ಈ ಸ್ಪೆನ್ಸರ್‌ನದು.

ಖಾಸಗಿತನ ಹೊಟ್ಟೆ ತುಂಬಿದವರ ಶೋಕಿಯಲ್ಲ ಎಂಬುದಕ್ಕೆ ಸಾಕ್ಷಿಯನ್ನು ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಸಂಶೋಧಕರು ಕೊಟ್ಟಿದ್ದರು. 2008ರಲ್ಲಿ ಆರಂಭವಾದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆ ಕೇವಲ ನಾಲ್ಕು ಸರ್ಕಾರಿ ಜಾಲತಾಣಗಳನ್ನು ಪರಿಶೀಲಿಸಿ, ಸುಮಾರು 13 ಕೋಟಿ ಜನರ ಆಧಾರ್ ಸಂಖ್ಯೆಗಳು ಯಾರು ಬೇಕಾದರೂ ನೋಡುವಂತೆ ಬಿದ್ದಿವೆ ಎಂದು ಅಂದಾಜು ಮಾಡಿತು. ಅವು ಯಾರ ವಿವರಗಳು? ಹೆಚ್ಚಿನವು ಉದ್ಯೋಗ ಖಾತರಿಯಲ್ಲಿ ಮಣ್ಣು ಹೊತ್ತವರವು. ವೃದ್ಧಾಪ್ಯ, ವಿಧವಾ, ಅಂಗವಿಕಲ ಪಿಂಚಣಿ ಪಡೆಯುವವರವು. ಹಲವರ ಬ್ಯಾಂಕ್ ಖಾತೆಯ ವಿವರವೂ ಜೊತೆಗಿತ್ತು. ಬೆರಳಚ್ಚು ಕೊಡದಿದ್ದರೆ ರೇಷನ್ ಇಲ್ಲ ಎಂದಾಗ ಬೇಡ ಎನ್ನುವ ಶಕ್ತಿ ಯಾರಿಗಿರುವುದಿಲ್ಲವೋ ಅವರ ಮನೆಯ ಬಾಗಿಲೇ ಮೊದಲು ತೆರೆದುಕೊಂಡಿತ್ತು.

2018ರ ಸೆಪ್ಟೆಂಬರ್ 26ರಂದು ಆಧಾರ್ ಕುರಿತ ತೀರ್ಪು ಬಂದಾಗ ಪುಟ್ಟಸ್ವಾಮಿಯವರು ಪೂರ್ತಿ ಗೆಲ್ಲಲಿಲ್ಲ. 2016ರಲ್ಲಿ ಬಂದಿದ್ದ ಆಧಾರ್ ಕಾಯ್ದೆಯನ್ನು ನಾಲ್ವರು ಎತ್ತಿಹಿಡಿದರು, ಚಂದ್ರಚೂಡ್ ಒಬ್ಬರು ವಿರೋಧಿಸಿದರು. ಸಬ್ಸಿಡಿಗೆ, ಪ್ಯಾನ್ ಕಾರ್ಡಿಗೆ ಆಧಾರ್ ಉಳಿಯಿತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಕಡ್ಡಾಯವೆಂಬುದು ಹೋಯಿತು.

ಸಂಖ್ಯೆ ಒಂದು ಕೆಲಸಕ್ಕೆ ಬಂದು ಹತ್ತು ಕೆಲಸಕ್ಕೆ ಹಬ್ಬುವುದು ಭಾರತದ ಕಥೆ ಮಾತ್ರವಲ್ಲ. ಕೆನಡಾದಲ್ಲಿ ಇಳಿದ ಮೊದಲ ವಾರದಲ್ಲೇ ನಾವೆಲ್ಲ ಪಡೆಯುವ ಒಂಬತ್ತು ಅಂಕಿಯ ಸಿನ್ ಸಂಖ್ಯೆ 1964ರಲ್ಲಿ ಬಂದದ್ದು ಪಿಂಚಣಿ ಯೋಜನೆಗೆ ಮತ್ತು ನಿರುದ್ಯೋಗ ವಿಮೆಗೆ. ಮೂರೇ ವರ್ಷದಲ್ಲಿ ಆದಾಯ ತೆರಿಗೆಗೂ ಬಳಕೆಯಾಯಿತು. ಕಂಪ್ಯೂಟರು ಮತ್ತು ಖಾಸಗಿತನದ ಬಗ್ಗೆ ಸರ್ಕಾರದ ಕಾರ್ಯಪಡೆ ವರದಿ ಕೊಟ್ಟದ್ದು 1972ರಲ್ಲಿ, ಮೊದಲ ಖಾಸಗಿತನ ಆಯುಕ್ತರು ಬಂದದ್ದು 1977ರಲ್ಲಿ, ಪ್ರತ್ಯೇಕ ಕಾಯ್ದೆ ಜಾರಿಯಾದದ್ದು 1983ರಲ್ಲಿ. ಅಂದರೆ ಸಂಖ್ಯೆ ಬಂದು 19 ವರ್ಷಗಳ ಮೇಲೆ. ಈ ಚಳಿದೇಶಕ್ಕೂ ಖಾಸಗಿತನ ಹುಟ್ಟಿನಿಂದ ಬಂದ ಗುಣವಾಗಿರಲಿಲ್ಲ. ಕೇಳಿ, ಜಗಳವಾಡಿ ಪಡೆದುಕೊಂಡದ್ದು.

ಟೊರಾಂಟೊದಲ್ಲಿ ಆ ಜಗಳ ನಮ್ಮ ಕಣ್ಣೆದುರೇ ನಡೆಯಿತು. ಅಕ್ಟೋಬರ್ 2017ರಲ್ಲಿ ಗೂಗಲ್‌ನ ಸೋದರ ಕಂಪನಿ ಸೈಡ್‌ವಾಕ್ ಲ್ಯಾಬ್ಸ್, ಸರೋವರದ ದಡದ ಕೀಸೈಡ್‌ನಲ್ಲಿ ಹೆಜ್ಜೆ ಹೆಜ್ಜೆಗೂ ಸೆನ್ಸರ್ ಇರುವ ಬಡಾವಣೆ ಕಟ್ಟುವ ಯೋಜನೆ ಪ್ರಕಟಿಸಿತು. ಒಂಟಾರಿಯೊದ ಮಾಜಿ ಖಾಸಗಿತನ ಆಯುಕ್ತೆ ಆನ್ ಕವೂಕಿಯನ್ ಅದರ ಸಲಹೆಗಾರ್ತಿಯಾಗಿದ್ದರು. ಸಂಗ್ರಹಿಸಿದ ಮಾಹಿತಿಯಿಂದ ವ್ಯಕ್ತಿಯ ಗುರುತನ್ನು ಆ ಕ್ಷಣವೇ ಅಳಿಸುವ ಭರವಸೆ ಎಲ್ಲರಿಂದಲೂ ಸಿಗುವುದಿಲ್ಲ ಎಂದು ತಿಳಿದಾಗ ಅವರು ಒಂದು ವರ್ಷದಲ್ಲೇ ಹೊರಬಂದರು. ನಗರದ ಜನ ಸಭೆಗಳಲ್ಲಿ ಪ್ರಶ್ನೆ ಕೇಳುತ್ತಲೇ ಇದ್ದರು. ಮೇ 2020ರಲ್ಲಿ ಕಂಪನಿ ಆರ್ಥಿಕ ಅನಿಶ್ಚಿತತೆಯ ಕಾರಣ ಕೊಟ್ಟು ಯೋಜನೆಯನ್ನು ಕೈಬಿಟ್ಟಿತು.

ಇದೇ ನಗರದ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕ ರೊನಾಲ್ಡ್ ಡೀಬರ್ಟ್ 2001ರಲ್ಲಿ ಸಿಟಿಜನ್ ಲ್ಯಾಬ್ ಎಂಬ ಪುಟ್ಟ ಸಂಶೋಧನಾ ಕೇಂದ್ರ ಕಟ್ಟಿದರು. ಅದರ ಮೊದಲ ದೊಡ್ಡ ಶೋಧವೇ ಭಾರತದ ನೆಲಕ್ಕೆ ಸೇರಿದ್ದು. ಧರ್ಮಶಾಲೆಯ ದಲೈ ಲಾಮಾ ಕಚೇರಿಯ ಕಂಪ್ಯೂಟರುಗಳಿಂದ ಹೊರಟ ಜಾಡು ಹಿಡಿದು, ಮಾರ್ಚ್ 2009ರಲ್ಲಿ 103 ದೇಶಗಳ 1,295 ಕಂಪ್ಯೂಟರುಗಳಿಗೆ ಹಬ್ಬಿದ್ದ ಬೇಹುಜಾಲವನ್ನು ಬಯಲು ಮಾಡಿದರು. ದೂರದಲ್ಲಿ ಕೂತವನು ಕಂಪ್ಯೂಟರಿನ ಮೈಕನ್ನೂ ಕ್ಯಾಮೆರಾವನ್ನೂ ತಾನೇ ಚಾಲೂ ಮಾಡಬಹುದಿತ್ತು. ಗೋಡೆಗೂ ಕಿವಿಯುಂಟು ಎಂಬ ಮಾತು ಅಕ್ಷರಶಃ ನಿಜವಾಗಿತ್ತು. ಮರುವರ್ಷದ ವರದಿಯಲ್ಲಿ ಭಾರತ ಸರ್ಕಾರದ ಗೋಪ್ಯ ಕಡತಗಳ ಜೊತೆ, ಅಫ್ಘಾನಿಸ್ತಾನದ ಭಾರತೀಯ ಕಚೇರಿಗಳಿಗೆ ಸಾಮಾನ್ಯ ಜನ ಸಲ್ಲಿಸಿದ್ದ ವೀಸಾ ಅರ್ಜಿಗಳೂ ಕಳುವಾಗಿದ್ದುದು ತಿಳಿಯಿತು. ದೇಶದ ಗುಟ್ಟು ಹೋದರೆ ಅದರ ಜೊತೆ ಪ್ರಜೆಯ ಗುಟ್ಟೂ ಹೋಗುತ್ತದೆ.

2019ರಲ್ಲಿ ಪೆಗಾಸಸ್ ಎಂಬ ಬೇಹು ತಂತ್ರಾಂಶ ವಾಟ್ಸಾಪ್ ಮೂಲಕ ಫೋನುಗಳಿಗೆ ನುಗ್ಗಿದ್ದು ಬೆಳಕಿಗೆ ಬಂದಾಗ, ಗುರಿಯಾದವರನ್ನು ಗುರುತಿಸಲು ನೆರವಾದದ್ದು ಇದೇ ಸಿಟಿಜನ್ ಲ್ಯಾಬ್. ಅವರಲ್ಲಿ ಭಾರತದ ವಕೀಲರು, ಹೋರಾಟಗಾರರು, ಪತ್ರಕರ್ತರು ಇದ್ದರು. ಅಕ್ಟೋಬರ್ 2021ರಲ್ಲಿ ಸುಪ್ರೀಂ ಕೋರ್ಟು ತಾಂತ್ರಿಕ ಸಮಿತಿಯೊಂದನ್ನು ನೇಮಿಸಿ, ಅದರ ಮೇಲ್ವಿಚಾರಣೆಗೆ ಆರಿಸಿದ್ದು ಕರ್ನಾಟಕ ಹೈಕೋರ್ಟಿನಿಂದ ಮೇಲೇರಿದ್ದ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರನ್ನು. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ದುರುದ್ದೇಶದ ತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿರುವುದಾಗಿ ಮುಖ್ಯ ನ್ಯಾಯಮೂರ್ತಿ ತೆರೆದ ನ್ಯಾಯಾಲಯದಲ್ಲೇ ತಿಳಿಸಿದರು. 1988ರಲ್ಲಿ ಕದ್ದಾಲಿಕೆಯ ಮಾತೆದ್ದಾಗ ಒಂದು ಕುರ್ಚಿ ಖಾಲಿಯಾಗಿತ್ತು. ಈ ಸಲ ಹಾಗೇನೂ ಆಗಲಿಲ್ಲ.

ಹಕ್ಕು ತೀರ್ಪಿನಲ್ಲಿ ಸಿಕ್ಕರೆ ಸಾಲದು, ಅದಕ್ಕೊಂದು ಕಾನೂನು ಬೇಕು. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ಕರಡು ಕೊಟ್ಟಿತು. ಕೊನೆಗೆ ಆಗಸ್ಟ್ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಸರ್ಕಾರ ತನ್ನ ಸಂಸ್ಥೆಗಳಿಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳಬಹುದಾದ ಅದರ 17ನೇ ಸೆಕ್ಷನ್ ದೊಡ್ಡ ಕಿಂಡಿಯೇ ಸರಿ. ಮಾಹಿತಿ ಹಕ್ಕು ಕಾಯ್ದೆಯನ್ನು ಅದು ಮೊಟಕು ಮಾಡಿದೆ ಎಂಬ ದೂರೂ ಇದೆ. ಆದರೆ ನಮಗೆ ಬೆಲೆಯುಳ್ಳ ಮಾತೊಂದು ಅದರಲ್ಲಿದೆ. ಯಾರಾದರೂ ನಿಮ್ಮ ಮಾಹಿತಿ ಕೇಳಿದರೆ, ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆ ಇರಬೇಕು. ಅಂದರೆ ಕನ್ನಡದಲ್ಲೂ.

ಹೊರನಾಡಿನ ನಮಗೆ ಇದು ದೂರದ ಸುದ್ದಿಯಲ್ಲ. ಇಲ್ಲಿ ಮನೆಮಾಲೀಕ ಸಿನ್ ಸಂಖ್ಯೆ ಕೇಳಿದರೆ ಏಕೆ ಎಂದು ಮರುಪ್ರಶ್ನೆ ಹಾಕುವ ನಾವೇ, ಊರಿಗೆ ಹೋದಾಗ ಲಾಡ್ಜಿನವರಿಗೆ, ದಲ್ಲಾಳಿಗೆ, ಪಹಣಿ ಮಾಡಿಸಿಕೊಡುವವರಿಗೆ ಅಪ್ಪ-ಅಮ್ಮನ ಆಧಾರ್ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿ ಮರೆತುಬಿಡುತ್ತೇವೆ. ಬೆರಳಚ್ಚು ಮಾಸಿದ ಮುದುಕರ ಬದಲು ಮುಂದೆ ನಿಂತು ಕೇಳಬೇಕಾದವರು ನಾವು. ಏಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಇನ್ನಾರಿಗೆ ಕೊಡುತ್ತೀರಿ?

ನ್ಯಾಯಮೂರ್ತಿ ಪುಟ್ಟಸ್ವಾಮಿ 2024ರ ಅಕ್ಟೋಬರ್ 28ರಂದು ಬೆಂಗಳೂರಿನಲ್ಲಿ ತೀರಿಕೊಂಡರು. 98 ವರ್ಷ ಬಾಳಿದರು. ಭಾರತದ ಯಾವ ನ್ಯಾಯಾಲಯದಲ್ಲಿ ಖಾಸಗಿತನದ ವಾದ ನಡೆದರೂ ವಕೀಲರು ಇಂದು ಮೊದಲು ಎತ್ತುವುದು ಅವರ ಹೆಸರನ್ನು. ನಮ್ಮ ಕಡೆ ಅದೆಲ್ಲಿತ್ತು ಎಂದು ಇಲ್ಲಿ ಯಾರಾದರೂ ನಕ್ಕರೆ, ಹೇಳಲು ನಮ್ಮ ಬಳಿ ಒಂದು ಗಾದೆ ಇದೆ, ಆ ಹೆಸರೂ ಇದೆ.