ಬೆಳ್ಳಿಯ ವಹಿಯಿಂದ ಮತ್ತೆ ಗಾಯನದ ಕಡೆಗೆ

ಬೆಳ್ಳಿಯ ಊರೆಂದು ಹೆಸರಾದ ನಮ್ಮ ಹುಪರಿಯಲ್ಲಿ ನಿವೃತ್ತಿಯ ನಂತರ ನಾನು ಕೈಗೊಂಡದ್ದು ಇಲ್ಲಿಯ ಕಸಬಿನ ವೃತ್ತಾಂತವನ್ನು ಬರೆದಿಡುವ ಕೆಲಸ. ಮೂಸೆ, ತಂತಿ, ಬೆಸುಗೆ, ಕಾಲ್ಗೆಜ್ಜೆ, ಮನೆಮನೆಗಳಲ್ಲಿ ಹೆಣ್ಣುಮಕ್ಕಳು ಕುಳಿತು ಮಾಡುವ ಜೋಡಣೆ – ಇವೆಲ್ಲ ಸೇರಿ ಆರು ವಹಿಗಳಾದವು. ಕಳೆದ ದೀಪಾವಳಿಗೆ ಆ ಕೆಲಸ ನಿಲ್ಲಿಸಿ, ವಹಿಗಳನ್ನು ಹಳೆಯ ವಿದ್ಯಾರ್ಥಿಯೊಬ್ಬನಿಗೆ ಒಪ್ಪಿಸಿದೆ. ಅವನು ಕಸಬುದಾರನ ಮಗ. ನಾನು ಕೇಳಿ ಬರೆದದ್ದನ್ನು ಅವನ ಕೈಯೇ ಬಲ್ಲದು. ನನಗಾದರೋ ಎಡಗಿವಿ ಮಂದವಾಗುತ್ತಿದೆ. ಬಲಗಿವಿ ನೆಟ್ಟಗಿರುವಾಗಲೇ, ಮೂವತ್ತು ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟ ಸಂಗೀತದ ಬರವಣಿಗೆಗೆ ಮರಳಬೇಕೆನಿಸಿತು.

ಹೀಗೆ ಬೇರೆ ಉದ್ಯೋಗ ಮುಗಿಸಿ ಸಂಗೀತವನ್ನು ಕುರಿತು ಬರೆಯಲು ಕುಳಿತವರಲ್ಲಿ ನಮ್ಮ ಸೀಮೆಯ ದೊಡ್ಡ ಹೆಸರು ಗೋವಿಂದರಾವ್ ಟೆಂಬೆಯವರದು (1881–1955). ಕೊಲ್ಹಾಪುರದಲ್ಲಿ ಬೆಳೆದ ಅವರು ಹಾರ್ಮೋನಿಯಂ ವಾದನದಲ್ಲಿ ಅಗ್ರಗಣ್ಯರು. 1911ರಲ್ಲಿ ‘ಮಾನಾಪಮಾನ’ ನಾಟಕಕ್ಕೆ ಸ್ವರ ಸಂಯೋಜಿಸಿದರು. 1913ರಲ್ಲಿ ಬಾಲಗಂಧರ್ವರೊಡನೆ ಗಂಧರ್ವ ನಾಟಕ ಮಂಡಳಿಯ ಪಾಲುದಾರರಾದರು. ಕೆಲವೇ ವರ್ಷಗಳಲ್ಲಿ ಹೊರಬಂದು ಸ್ವಂತ ಮಂಡಳಿ ಕಟ್ಟಿದರು. ಮುಂದೆ ಅದೂ ನಿಂತಿತು. 1932ರ ‘ಅಯೋಧ್ಯೇಚಾ ರಾಜಾ’ ಬೋಲಪಟದಲ್ಲಿ ಹರಿಶ್ಚಂದ್ರನಾಗಿ ಅಭಿನಯಿಸಿ, ಸಂಗೀತವನ್ನೂ ಒದಗಿಸಿದರು. ಇಷ್ಟೆಲ್ಲ ಆದ ಮೇಲೆ 1939ರಲ್ಲಿ ‘ಮಾಝಾ ಸಂಗೀತ ವ್ಯಾಸಂಗ’ ಬಂದಿತು. ಮರುವರ್ಷವೇ ಆಕಾಶವಾಣಿಯು ಹಾರ್ಮೋನಿಯಂ ವಾದ್ಯವನ್ನು ಬಹಿಷ್ಕರಿಸಿದ್ದು ವಿಧಿಯ ವಿನೋದವೇ ಸರಿ! ನನ್ನ ಮಟ್ಟಿಗೆ ಹೇಳುವುದಾದರೆ, ಟೆಂಬೆಯವರ ನಾಟಕ, ಚಿತ್ರಗಳಿಗಿಂತ ಆ ಪುಸ್ತಕದ ತೂಕವೇ ಹೆಚ್ಚು.

ಆದರೆ ಅದು ಮರಾಠಿಯಲ್ಲಿದೆ. ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಸಂಗೀತವೆಂದರೆ ಒಂದೋ ದೂರದ ಧಾರವಾಡದ್ದು, ಇಲ್ಲವೇ ಮರಾಠಿಗರದ್ದು. ನಡುವಿನ ದಾರಿ ತಮ್ಮ ಅಂಗಳದ ಬದಿಯಲ್ಲೇ ಹಾದುಹೋಗಿದೆಯೆಂಬುದು ಅವರಿಗೆ ತಿಳಿಯದು.

ಪಂಚಗಂಗೆಯನ್ನು ದಾಟಿದರೆ ಇಚಲಕರಂಜಿ. ಮಿರಜಿನ ಸಮೀಪದ ಬೇಡಗದಲ್ಲಿ 1849ರಲ್ಲಿ ಜನಿಸಿದ ಬಾಲಕೃಷ್ಣಬುವಾ, ವಾಸುದೇವಬುವಾ ಜೋಶಿಯವರ ಸೇವೆಯಲ್ಲಿದ್ದು ಗ್ವಾಲಿಯರ್ ಪರಂಪರೆಯ ಖ್ಯಾಲವನ್ನು ಸಾಧಿಸಿ ಈ ಕಡೆ ತಂದರು. ಇಚಲಕರಂಜಿಯ ಆಸ್ಥಾನ ಗಾಯಕರಾಗಿ ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದರು. ಅವರಲ್ಲಿ ಕಲಿತ ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿದ್ದು ಎಲ್ಲರಿಗೂ ಗೊತ್ತು. ನಾವು ಮರೆತದ್ದು ಇನ್ನೊಬ್ಬ ಶಿಷ್ಯರನ್ನು, ಮಿರಜಿನ ನೀಲಕಂಠಬುವಾ ಅಲೂರಮಠರನ್ನು. ಅಣ್ಣನ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುತ್ತಿದ್ದ ಹುಡುಗ ಮಲ್ಲಿಕಾರ್ಜುನ ಮನ್ಸೂರರ ಕಂಠವನ್ನು ಗುರುತಿಸಿ, ಮಿರಜಿಗೆ ಕರೆತಂದು ತಾಲೀಮು ಕೊಟ್ಟವರು ಅವರೇ.

ಎರಡನೆಯ ಎಳೆ ಕೊಲ್ಹಾಪುರದ್ದು. ಶಾಹೂ ಮಹಾರಾಜರ ಆಶ್ರಯಕ್ಕೆ ಬಂದ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರಲ್ಲಿ ಮನ್ಸೂರರು ಮುಂಬಯಿಯಲ್ಲಿ ಕಲಿತರು. 1937ರಲ್ಲಿ ಗುರು ತೀರಿಕೊಂಡಾಗ, ಅವರ ತಮ್ಮ ಭುರ್ಜಿ ಖಾನರನ್ನು ಆಶ್ರಯಿಸಿದರು. ಹೀಗೆ ಧಾರವಾಡದ ಕಂಠದಲ್ಲಿ ಮಿರಜು, ಇಚಲಕರಂಜಿ, ಕೊಲ್ಹಾಪುರ ಮೂರೂ ಕೂಡಿವೆ. ಮನ್ಸೂರರೇ ‘ನನ್ನ ರಸಯಾತ್ರೆ’ಯಲ್ಲಿ ತಮ್ಮ ದಾರಿಯನ್ನು ಕನ್ನಡದಲ್ಲಿ ಹೇಳಿದ್ದಾರೆ. ನಾನು ಬರೆಯಬೇಕೆಂದಿರುವುದು ಅದೇ ದಾರಿಯನ್ನು, ಆದರೆ ಈ ದಂಡೆಯಲ್ಲಿ ನಿಂತು ಕಂಡಂತೆ.

ಬಿ.ಎಡ್. ಓದುವಾಗ ಧಾರವಾಡದಲ್ಲಿ ಅವರ ಗಾಯನವನ್ನು ಒಮ್ಮೆ ಎದುರು ಕುಳಿತು ಕೇಳಿದ್ದೆ. ಅಂದು ಕೈಗೆ ಸಿಕ್ಕ ಟಿಪ್ಪಣಿ ಪುಸ್ತಕದಲ್ಲಿ ರಾಗದ ಹೆಸರು ಬರೆಯಲೂ ಮರೆತು ಬರಿಯ ತಾರೀಖು ಬರೆದಿದ್ದೆ. ಆ ಪುಸ್ತಕವೂ ಒಂದು ಮಳೆಗಾಲದಲ್ಲಿ ನೆನೆದು ಹೋಯಿತು.

ಸದ್ಯ ಬಾಲಕೃಷ್ಣಬುವಾ ಅವರ ಪ್ರಕರಣದ ಹನ್ನೊಂದು ಪುಟಗಳಾಗಿವೆ. ಸಂಘದ ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಹಳೆಯ ಬೈಠಕ್ಕಿನ ಆಮಂತ್ರಣವೋ, ಛಾಯಾಚಿತ್ರವೋ, ತವೆಯ ಖಾಲಿ ಲಕೋಟೆಯೋ ಇದ್ದರೆ ಸಮ್ಮೇಳನಕ್ಕೆ ಬರುವಾಗ ತರಬೇಕೆಂದು ವಿನಂತಿ. ನೋಡಿ ಅಲ್ಲಿಯೇ ಹಿಂದಿರುಗಿಸುತ್ತೇನೆ. ಮಾತನಾಡಿಸುವಾಗ ದಯಮಾಡಿ ಬಲಬದಿಗೆ ನಿಲ್ಲಿ.