ಅದೇ ಪುರಾಣ, ಮತ್ತೊಂದು ಮಂಟಪ: ಮಡಿಕೇರಿ ದಸರೆ ಮತ್ತು ಹೋಲಿಸಿ ನೋಡುವ ರೂಢಿ

ಜನ ಒಮ್ಮೆ ಮೆಚ್ಚಿದ ಕಥೆಯನ್ನು ಹೊಸ ತಂತ್ರಜ್ಞಾನದಲ್ಲಿ ಮತ್ತೆ ಕಟ್ಟಿ ತೋರಿಸಿದಾಗ, ಹಿಂದಿನದನ್ನು ಕಂಡವರು ಅದನ್ನು ಇಂದಿನದರ ಪಕ್ಕಕ್ಕಿಟ್ಟು ತೂಗಿ ನೋಡುವುದು ದೂರದರ್ಶನದ ಕಾಲದಲ್ಲಿ ಹುಟ್ಟಿದ ಹವ್ಯಾಸವೆಂದು ತೋರಬಹುದಾದರೂ, ಕೊಡಗಿನ ಜಿಲ್ಲಾ ಕೇಂದ್ರವಾದ ಮಡಿಕೇರಿಯಲ್ಲಿ ಈ ರೂಢಿ ಒಂದು ಹಬ್ಬದ ಅಂಗವಾಗಿಯೇ ಬೆಳೆದು ಬಂದಿದೆ. ವಿಜಯದಶಮಿಯ ರಾತ್ರಿ ಅಲ್ಲಿ ಹತ್ತು ದೇವಾಲಯಗಳ ಹತ್ತು ಮಂಟಪಗಳು ಬೀದಿಗಿಳಿದು, ದೇವತೆಗಳು ಅಸುರರನ್ನು ಸಂಹರಿಸುವ ಪುರಾಣ ಪ್ರಸಂಗಗಳನ್ನು ಬೆಳಕು, ಧ್ವನಿ, ಹೊಗೆ ಮತ್ತು ಚಲಿಸುವ ಬೃಹತ್ ಮೂರ್ತಿಗಳ ಮೂಲಕ ಬೆಳಗಿನ ಜಾವದವರೆಗೆ ಪ್ರದರ್ಶಿಸುತ್ತವೆ. ಮಂಟಪವೆಂದರೆ ಇಲ್ಲಿ ಕಂಬಗಳ ಮೇಲೆ ನಿಂತ ಕಲ್ಲಿನ ಕಟ್ಟಡವಲ್ಲ. ಟ್ರ್ಯಾಕ್ಟರುಗಳಿಗೆ ಜೋಡಿಸಿದ ವೇದಿಕೆಯ ಮೇಲೆ ಕಟ್ಟಿದ, ಊರೊಳಗೆ ಸಾಗುತ್ತ ಅಲ್ಲಲ್ಲಿ ನಿಂತು ಕಥೆ ಹೇಳುವ ಒಂದು ಸಂಚಾರಿ ರಂಗಭೂಮಿ. ಮಹಿಷಾಸುರನ ವಧೆ, ಹಿರಣ್ಯಕಶಿಪುವಿನ ವಧೆ, ಕಾಳಿಂಗ ಮರ್ದನ ಮುಂತಾದ ಕಥೆಗಳು ಮತ್ತೆ ಮತ್ತೆ ಬರುವುದರಿಂದ, ನೋಡುಗರಿಗೆ ಮುಂದೇನಾಗುತ್ತದೆ ಎಂಬ ಕುತೂಹಲ ಇರುವುದಿಲ್ಲ. ಗೊತ್ತಿರುವುದನ್ನು ಈ ಸಲ ಹೇಗೆ ತೋರಿಸುತ್ತಾರೆ ಎಂಬ ಕುತೂಹಲ ಮಾತ್ರ ಇರುತ್ತದೆ.

ಈ ಹಬ್ಬ ಕೊಡಗಿನ ಇತರ ಹಬ್ಬಗಳಿಗಿಂತ ಭಿನ್ನವಾದದ್ದು. ಕೊಡವರ ಮುಖ್ಯ ಆಚರಣೆಗಳಾದ ಕೈಲ್ ಪೊಳ್ದ್, ಕಾವೇರಿ ಸಂಕ್ರಮಣ ಮತ್ತು ಪುತ್ತರಿ ಇವು ಗದ್ದೆ, ಐನ್‌ಮನೆ ಎಂದು ಕರೆಯುವ ಕುಲದ ಮೂಲಮನೆ ಹಾಗೂ ಮಂದ್ ಎಂದು ಕರೆಯುವ ನಾಡಿನ ಸಾರ್ವಜನಿಕ ಬಯಲುಗಳ ಸುತ್ತ ಹೆಣೆದುಕೊಂಡವು. ದಸರೆಯಾದರೋ ಪೇಟೆಯ ಹಬ್ಬ. ಹಾಲೇರಿ ಮನೆತನದ ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನಾಗಿ ಮಾಡಿಕೊಂಡ ಈ ಬೆಟ್ಟದೂರಿಗೆ ಸೈನಿಕರು, ವ್ಯಾಪಾರಿಗಳು, ಕುಶಲಕರ್ಮಿಗಳು, ಅರ್ಚಕರು ಕನ್ನಡ, ತುಳು, ತಮಿಳು ಮತ್ತು ಮಲಯಾಳ ಸೀಮೆಗಳಿಂದ ಬಂದು ನೆಲೆಸಿದರು; ಅವರವರ ದೇವತೆಗಳೂ ಅವರೊಂದಿಗೆ ಬಂದವು. ಊರಿನಲ್ಲಿ ಹೇಳಿಕೊಂಡು ಬಂದಿರುವ ಪ್ರಕಾರ, ಅರಸರ ಕಾಲದಲ್ಲಿ ಸಾಂಕ್ರಾಮಿಕ ರೋಗವೊಂದು ಹಬ್ಬಿ ಜನ ಸಾಯತೊಡಗಿದಾಗ ಮಾರಿಯಮ್ಮನ ಮೊರೆಹೊಕ್ಕು ಕರಗ ಹೊರಡಿಸುವ ಪದ್ಧತಿ ಆರಂಭವಾಯಿತು. ಕರಗವೆಂದರೆ ದೇವಿಯನ್ನು ಆವಾಹಿಸಿ ಹೂವಿನಿಂದ ಸಿಂಗರಿಸಿದ ಕಲಶ. ವ್ರತದಲ್ಲಿರುವ ವ್ಯಕ್ತಿ ಅದನ್ನು ತಲೆಯ ಮೇಲೆ ಹೊತ್ತು ಊರು ಸುತ್ತುತ್ತಾನೆ. ಮಹಾಲಯ ಅಮಾವಾಸ್ಯೆಯ ಮರುದಿನ ಪಂಪಿನಕೆರೆಯಲ್ಲಿ ಪೂಜೆಯಾಗಿ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ ಮತ್ತು ಕೋಟೆ ಮಾರಿಯಮ್ಮ ಎಂಬ ನಾಲ್ಕು ಶಕ್ತಿದೇವತೆಗಳ ಕರಗಗಳು ಹೊರಟು, ನವರಾತ್ರಿಯುದ್ದಕ್ಕೂ ಮನೆಮನೆಯ ಪೂಜೆಯನ್ನು ಸ್ವೀಕರಿಸುತ್ತವೆ.

ಅರಸೊತ್ತಿಗೆಯನ್ನು ನೆಚ್ಚಿಕೊಂಡಿದ್ದ ಹಬ್ಬವಾಗಿದ್ದರೆ ಅದು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ನಂತರ ಸೊರಗಬೇಕಿತ್ತು. ಮೈಸೂರಿನ ದಸರೆಯಲ್ಲಿ ಸಿಂಹಾಸನ ಮತ್ತು ಅಂಬಾರಿಗಳಿಗೆ ಇರುವ ಸ್ಥಾನ ಮಡಿಕೇರಿಯ ದಸರೆಯಲ್ಲಿ ಯಾವುದಕ್ಕೂ ಇರಲಿಲ್ಲ; ಅದರ ಬೇರು ದೇವಾಲಯಗಳಲ್ಲಿ, ಅವುಗಳ ಸುತ್ತಲಿನ ಕೇರಿಗಳಲ್ಲಿ ಇದ್ದುದರಿಂದ ಅರಸ ಹೋದರೂ ಹಬ್ಬ ಉಳಿಯಿತು. ಕರಗ ಹೊರಡಿಸುವ ನಾಲ್ಕು ದೇವಾಲಯಗಳೊಂದಿಗೆ ಪೇಟೆ ಶ್ರೀರಾಮ ಮಂದಿರ, ದೇಚೂರು ಶ್ರೀರಾಮ ಮಂದಿರ, ಚೌಡೇಶ್ವರಿ, ಕೋಟೆ ಮಹಾಗಣಪತಿ, ಕೋದಂಡರಾಮ ಮತ್ತು ಕರವಲೆ ಭಗವತಿ ದೇವಾಲಯಗಳು ಸೇರಿ ಇಂದಿನ ದಶಮಂಟಪಗಳಾಗಿವೆ. ಈ ಹತ್ತೂ ಒಮ್ಮೆಲೇ ಹುಟ್ಟಿದವಲ್ಲ. ಒಂದು ಕೇರಿಯ ಮಂಟಪವನ್ನು ಕಂಡು ಇನ್ನೊಂದು ಕೇರಿಯವರು ತಮ್ಮದನ್ನೂ ಹೊರಡಿಸಿದರು, ಮೊದಲನೆಯವರು ಮರುವರ್ಷ ಅದಕ್ಕಿಂತ ಮಿಗಿಲಾದದ್ದನ್ನು ಕಟ್ಟಿದರು. ಪೈಪೋಟಿಯೇ ಈ ಕಲೆಯ ತಾಯಿ ಎಂದರೆ ಅತಿಶಯೋಕ್ತಿಯಲ್ಲ.

ಮಂಟಪಗಳ ರೂಪಾಂತರದ ಕಥೆಯನ್ನು ಹೆಚ್ಚಾಗಿ ಹಿರಿಯರ ಬಾಯಿಂದಲೇ ಕೇಳಬೇಕಾಗಿದೆ. ಆರಂಭದಲ್ಲಿ ಉತ್ಸವಮೂರ್ತಿಯನ್ನು ಕೂರಿಸಿದ ಸಣ್ಣ ಮಂಟಪವನ್ನು ಹೆಗಲ ಮೇಲೆ ಹೊತ್ತು, ಪಂಜು ಮತ್ತು ಗ್ಯಾಸ್‌ಲೈಟುಗಳ ಬೆಳಕಿನಲ್ಲಿ ಕೊಂಡೊಯ್ಯುತ್ತಿದ್ದರೆಂದೂ, ಮುಂದೆ ಎತ್ತಿನ ಗಾಡಿ, ಆಮೇಲೆ ಲಾರಿ ಮತ್ತು ಟ್ರ್ಯಾಕ್ಟರುಗಳು ಬಂದಂತೆ ವೇದಿಕೆ ಹಿಗ್ಗಿತೆಂದೂ ಅವರು ಹೇಳುತ್ತಾರೆ. ಹಿಗ್ಗಿದ ಜಾಗದಲ್ಲಿ ದೇವರೊಬ್ಬನೇ ಕೂರುವುದು ಬೋಳುಬೋಳಾಗಿ ಕಂಡಿರಬೇಕು. ಎದುರಿಗೆ ಅಸುರ ಬಂದ, ಅಸುರನ ಹಿಂದೆ ಅವನ ಪರಿವಾರ ಬಂತು, ಹೀಗೆ ಮೆರವಣಿಗೆಯ ಮೂರ್ತಿಯ ಸುತ್ತ ಒಂದು ಕಥೆಯೇ ಬೆಳೆಯಿತು. ಮೂರ್ತಿಗಳಿಗೆ ಚಲನೆ ಬಂದದ್ದು ನಿಜವಾದ ತಿರುವು. ವೇದಿಕೆಯ ಮರೆಯಲ್ಲಿ ಕುಳಿತ ಯುವಕರು ಹಗ್ಗ ಎಳೆದಾಗ ಅಸುರನ ತೋಳು ಏಳುತ್ತಿತ್ತು, ಹಿಡಿ ತಿರುಗಿಸಿದಾಗ ದೇವಿಯ ತ್ರಿಶೂಲ ಮುಂದಕ್ಕೆ ಚಾಚುತ್ತಿತ್ತು. ಮುಂದೆ ಈ ಕೆಲಸವನ್ನು ವಿದ್ಯುತ್ ಮೋಟಾರುಗಳು ವಹಿಸಿಕೊಂಡವು. ಈಗ ಕಂಬ ಎರಡಾಗಿ ಸೀಳಿ ನರಸಿಂಹ ಹೊರಬರುವಾಗ, ರುಂಡ ಕತ್ತರಿಸಿ ಬೀಳುವಾಗ, ಹೆಡೆ ಬಿಚ್ಚಿದ ಸರ್ಪ ಬೆಂಕಿ ಉಗುಳುವಾಗ ಸಂಭಾಷಣೆ ಮತ್ತು ಹಿನ್ನೆಲೆ ಸಂಗೀತವನ್ನು ಮೊದಲೇ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿ, ಚಲನೆಯನ್ನು ಅದಕ್ಕೆ ತಾಳೆ ಹಾಕಿರುತ್ತಾರೆ. ಹಿಂಬದಿಯಲ್ಲಿ ತಮಿಳುನಾಡಿನ ದಿಂಡಿಗಲ್ ಮುಂತಾದ ಕಡೆಗಳಿಂದ ತರಿಸಿದ ವಿದ್ಯುದ್ದೀಪಗಳ ದೊಡ್ಡ ಫಲಕಗಳು ಇರುತ್ತವೆ. ಒಂದೊಂದು ಮಂಟಪಕ್ಕೂ ಲಕ್ಷಾಂತರ ರೂಪಾಯಿ ತಗಲುತ್ತದೆ. ಸರ್ಕಾರದ ಅನುದಾನ ಸಾಲದೆ ಸಮಿತಿಗಳ ಸದಸ್ಯರು ಚಂದಾ ಎತ್ತುತ್ತಾರೆ. ಕೊರತೆ ಬಿದ್ದರೆ ಕೈಯಿಂದ ಹಾಕುವುದೂ ಇದೆ.

ಇಂಥ ಪರಿವರ್ತನೆ ಕಂಡಲ್ಲೆಲ್ಲ ನೋಡುಗರು ಎರಡು ಪಂಗಡಗಳಾಗುವುದು ಲೋಕರೂಢಿ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1978ರಲ್ಲಿ ಆರಂಭವಾದ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿ, ಅಂದರೆ ವಿಜ್ಞಾನದ ಸಾಧ್ಯತೆಗಳ ಮೇಲೆ ಕಟ್ಟಿದ ಕಲ್ಪಿತ ಕಥೆ, ಯಂತ್ರಮಾನವರ ದಾಳಿಯಿಂದ ನೆಲೆ ಕಳೆದುಕೊಂಡ ಮನುಷ್ಯರು ಬಾಹ್ಯಾಕಾಶ ನೌಕೆಗಳಲ್ಲಿ ಭೂಮಿಯನ್ನು ಹುಡುಕಿ ಹೊರಡುವುದನ್ನು ಹೇಳುತ್ತಿತ್ತು. 2003ರಲ್ಲಿ ಕಿರುಸರಣಿಯಾಗಿ, 2004ರಿಂದ 2009ರವರೆಗೆ ಪೂರ್ಣ ಧಾರಾವಾಹಿಯಾಗಿ ಅದನ್ನು ಮತ್ತೆ ಕಟ್ಟಿದಾಗ, ಲೋಹದ ಮೈಯ ಯಂತ್ರಗಳ ಜೊತೆಗೆ ಮನುಷ್ಯರಿಂದ ಬೇರೆಂದು ಗುರುತಿಸಲಾಗದ ಯಂತ್ರಗಳೂ ಬಂದವು, ಮೊದಲ ಸರಣಿಯಲ್ಲಿ ಗಂಡಸಾಗಿದ್ದ ಸ್ಟಾರ್‌ಬಕ್ ಎಂಬ ವೈಮಾನಿಕ ಹೆಂಗಸಾದ. ಹಳೆಯ ಅಭಿಮಾನಿಗಳಲ್ಲಿ ಹಲವರು ಇದನ್ನು ದ್ರೋಹವೆಂದೇ ಬಗೆದರು. ಮೂಲ ಸರಣಿಯ ನಾಯಕನಟ ರಿಚರ್ಡ್ ಹ್ಯಾಚ್, ಮೊದಲು ಹಳೆಯ ಕಥೆಯನ್ನೇ ಮುಂದುವರಿಸಬೇಕೆಂದು ವರ್ಷಗಟ್ಟಲೆ ಹೋರಾಡಿ, ಕೊನೆಗೆ ಹೊಸ ಸರಣಿಯಲ್ಲಿ ಬೇರೊಂದು ಪಾತ್ರವನ್ನು ಒಪ್ಪಿಕೊಂಡದ್ದು ಆ ವಿವಾದದ ಸ್ವಾರಸ್ಯಕರ ಭಾಗ.

ಭಾರತದಲ್ಲಿ ಇದೇ ಬಗೆಯ ವಾದ ಪುರಾಣದ ಧಾರಾವಾಹಿಗಳ ಸುತ್ತ ನಡೆಯಿತು. ರಮಾನಂದ ಸಾಗರ್ ಅವರ ‘ರಾಮಾಯಣ’ 1987ರ ಜನವರಿಯಲ್ಲಿ, ಬಿ. ಆರ್. ಚೋಪ್ರಾ ಅವರ ‘ಮಹಾಭಾರತ’ 1988ರ ಅಕ್ಟೋಬರಿನಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿ, ಆಕಾಶದಲ್ಲಿ ಬಾಣಕ್ಕೆ ಬಾಣ ತಾಗಿ ಕಿಡಿ ಹಾರುವ ದೃಶ್ಯವನ್ನು ಇಡೀ ದೇಶದ ಕಣ್ಣಿನಲ್ಲಿ ಅಚ್ಚೊತ್ತಿದವು. ಸ್ಟಾರ್ ಪ್ಲಸ್ ವಾಹಿನಿಯ 2013ರ ‘ಮಹಾಭಾರತ’ ಗಣಕಯಂತ್ರದಿಂದ ರಚಿಸಿದ ಅರಮನೆ, ಆಯುಧಗಳೊಂದಿಗೆ ಬಂದು, ಹಳೆಯದರಲ್ಲಿ ಕಾಲಪುರುಷನ ಧ್ವನಿ ಮಾಡುತ್ತಿದ್ದ ನಿರೂಪಣೆಯ ಕೆಲಸವನ್ನು ಕೃಷ್ಣನಿಗೆ ಒಪ್ಪಿಸಿತು. 2020ರ ಕೊರೊನಾ ಲಾಕ್‌ಡೌನ್ ಅವಧಿಯಲ್ಲಿ ಹಳೆಯ ಎರಡೂ ಧಾರಾವಾಹಿಗಳು ಮರುಪ್ರಸಾರವಾದವು. ಹೊಸ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂತು. ಒಂದೇ ಮನೆಯಲ್ಲಿ ಎರಡು ತಲೆಮಾರಿನವರು ಎರಡು ಕುರುಕ್ಷೇತ್ರಗಳನ್ನು ಒಂದೇ ವರ್ಷ ನೋಡಿ ವಾದಿಸುವ ಅವಕಾಶ ಹಾಗೆ ಒದಗಿತು. ಅದೇ ವರ್ಷ ಮಡಿಕೇರಿಯಲ್ಲಿ ದಸರೆ ಸರಳವಾಗಿ ನಡೆದು, ಮಂಟಪಗಳ ವೈಭವವಿಲ್ಲದೆ ಕರಗ ಮತ್ತು ಪೂಜೆಗಳಿಗೆ ಸೀಮಿತವಾಯಿತು.

ಧಾರಾವಾಹಿಯ ಅಭಿಮಾನಿಗೂ ಮಂಟಪದ ಅಭಿಮಾನಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಮೊದಲಿನವನಿಗೆ ಮೂಲಕೃತಿ ಕೈಗೆ ಸಿಗುತ್ತದೆ. ಸಂದೇಹ ಬಂದರೆ ಹಳೆಯ ಕಂತನ್ನು ಹಾಕಿ ನೋಡಬಹುದು. ಮಂಟಪ ಹಾಗಲ್ಲ: ಹಬ್ಬ ಮುಗಿದ ಕೂಡಲೇ ಅದನ್ನು ಬಿಚ್ಚುತ್ತಾರೆ, ಮೂರ್ತಿಗಳು ಚದುರುತ್ತವೆ, ದೀಪದ ಫಲಕಗಳು ಬಂದಲ್ಲಿಗೆ ಮರಳುತ್ತವೆ, ಟ್ರ್ಯಾಕ್ಟರು ತನ್ನ ದುಡಿಮೆಗೆ ಹೋಗುತ್ತದೆ. ಆದುದರಿಂದ ಮಡಿಕೇರಿಯ ವಾದದಲ್ಲಿ ಹಳೆಯ ಮಂಟಪ ಯಾವಾಗಲೂ ನೆನಪಿನ ಮಂಟಪವೇ, ಮತ್ತು ನೆನಪು ತನಗೆ ಬೇಕಾದಂತೆ ಮೂರ್ತಿಯ ಎತ್ತರವನ್ನು ಹೆಚ್ಚಿಸುತ್ತದೆ. ಇಂಥ ಕೇರಿಯವರು ಇಂಥ ವರ್ಷ ಕಟ್ಟಿದ ಕಥೆಗೆ ಸಮನಾದದ್ದು ಮತ್ತೆ ಬರಲಿಲ್ಲ ಎಂದು ಒಬ್ಬರು ಸಾಧಿಸಿದರೆ, ಅಲ್ಲಗಳೆಯುವವರ ಬಳಿ ಪುರಾವೆ ಇರುತ್ತಿರಲಿಲ್ಲ. ಮೊದಲು ವಿಡಿಯೋ ಕ್ಯಾಮೆರಾ, ನಂತರ ಕೇಬಲ್ ವಾಹಿನಿಗಳ ನೇರಪ್ರಸಾರ, ಈಗ ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲು ಈ ಸ್ಥಿತಿಯನ್ನು ಬದಲಿಸಿವೆ: ಇತ್ತೀಚಿನ ವರ್ಷಗಳ ಮಂಟಪಗಳಿಗೆ ಸಾಕ್ಷಿ ಉಂಟು, ಹಿಂದಿನವುಗಳಿಗೆ ಇಲ್ಲ. ಇದರ ಫಲವಾಗಿ, ಕಂಡ ಕುಂದುಗಳೆಲ್ಲ ದಾಖಲಾಗಿರುವ ಹೊಸ ಮಂಟಪವು ಕುಂದುಗಳೆಲ್ಲ ಮರೆತುಹೋಗಿರುವ ಹಳೆಯ ಮಂಟಪದೊಂದಿಗೆ ಸೆಣಸಬೇಕಾಗಿದೆ; ಇದು ಸಮಬಲರ ಹೋರಾಟವಲ್ಲ.

ಹಾಗೆಂದು ಹಳಬರ ಆಕ್ಷೇಪಗಳೆಲ್ಲ ಬರಿಯ ಹಳಹಳಿಕೆಯೆಂದು ತಳ್ಳಿಹಾಕುವಂತಿಲ್ಲ. ಧ್ವನಿವರ್ಧಕಗಳ ಅಬ್ಬರದಲ್ಲಿ ಸಂಭಾಷಣೆ ಕೇಳಿಸುವುದಿಲ್ಲ, ಕಣ್ಣು ಕುಕ್ಕುವ ಬೆಳಕಿನಲ್ಲಿ ಯಾರು ಯಾರನ್ನು ಕೊಂದರೆಂದು ತಿಳಿಯುವುದಿಲ್ಲ, ಅಸುರನೇ ದೇವರಿಗಿಂತ ದೊಡ್ಡವನಾಗಿ, ಚುರುಕಾಗಿ ಕಾಣುತ್ತಾನೆ ಎಂಬ ದೂರುಗಳಲ್ಲಿ ಕಲೆಯ ಬಗೆಗಿನ ತಿಳಿವಳಿಕೆಯೇ ಇದೆ. ಅಸುರನ ಕುರಿತ ಮಾತಂತೂ ಪೂರ್ತಿ ನಿಜ: ಯಾಂತ್ರಿಕ ಚಮತ್ಕಾರಕ್ಕೆ ಅಸುರನ ದೇಹದಲ್ಲಿರುವಷ್ಟು ಎಡೆ ದೇವರ ಶಾಂತಮುದ್ರೆಯಲ್ಲಿ ಇಲ್ಲವಾದ್ದರಿಂದ, ತಂತ್ರಜ್ಞಾನ ಬೆಳೆದಂತೆ ಖಳನೇ ಕಥಾನಾಯಕನಾಗುತ್ತ ಬಂದಿದ್ದಾನೆ. ಇನ್ನೊಂದು ಕಡೆ, ಸ್ಪರ್ಧೆಯ ನಿಯಮಗಳೂ ಅಭಿರುಚಿಯನ್ನು ತಿದ್ದಿವೆ. ತೀರ್ಪುಗಾರರು ಕಥೆಯ ನಿರ್ವಹಣೆ, ಮೂರ್ತಿಗಳ ಚಲನವಲನ, ಬೆಳಕು, ಧ್ವನಿ, ಶಿಸ್ತು ಇವುಗಳನ್ನು ಗಮನಿಸಿ ಬಹುಮಾನ ನಿರ್ಧರಿಸುವಾಗ, ಸಮಿತಿಗಳು ಎಲ್ಲದರಲ್ಲೂ ಅಂಕ ಗಳಿಸುವ ಮಂಟಪವನ್ನು ಕಟ್ಟಲು ಹೊರಡುವುದು ಸಹಜ. ಹಾಗೆ ಹೊರಟಾಗ ಹತ್ತು ಮಂಟಪಗಳ ನಡುವಿನ ಭೇದ ಕ್ಷೀಣಿಸುತ್ತದೆ. ಫಲಿತಾಂಶ ಪ್ರಕಟವಾದಾಗ ಅಸಮಾಧಾನ ಸ್ಫೋಟಗೊಳ್ಳುವುದೂ ಹಬ್ಬದ ಭಾಗವೆಂಬಂತಾಗಿದೆ. ತೀರ್ಪುಗಾರರ ತೀರ್ಪಿಗಿಂತ ಬೀದಿಬದಿಯಲ್ಲಿ ಅಕ್ಟೋಬರಿನ ಚಳಿಗೆ ಕಂಬಳಿ ಹೊದ್ದು ನಿಂತವರ ತೀರ್ಪು ಹೆಚ್ಚು ಕಾಲ ಉಳಿಯುತ್ತದೆಯೆಂಬುದನ್ನು ಸಮಿತಿಗಳವರೂ ಬಲ್ಲರು.

ಹೊಸಬರ ಪರವಾಗಿಯೂ ಒಂದು ಮಾತು ಹೇಳಬೇಕಾಗುತ್ತದೆ. ಎತ್ತಿನ ಗಾಡಿಯ ಮೇಲೆ ಮೊದಲ ಬಾರಿಗೆ ಅಸುರನ ತೋಳನ್ನು ಅಲುಗಾಡಿಸಿದವರೂ ತಮ್ಮ ಕಾಲಕ್ಕೆ ಹೊಸಬರೇ ಆಗಿದ್ದರು. ಬರಿಯ ಉತ್ಸವಮೂರ್ತಿ ಸಾಕೆನ್ನುತ್ತಿದ್ದ ಹಿರಿಯರು ಆಗಲೂ ಗೊಣಗಿರದೆ ಇರಲಾರರು. ದಕ್ಷಿಣ ಕೊಡಗಿನ ಗೋಣಿಕೊಪ್ಪಲಿನ ದಸರೆಯಲ್ಲೂ ದಶಮಂಟಪಗಳ ಶೋಭಾಯಾತ್ರೆ ಬೇರೂರಿರುವುದನ್ನು ಕಂಡರೆ, ಈ ಕಲೆ ತನ್ನ ಹುಟ್ಟೂರನ್ನು ದಾಟಿ ಬೆಳೆಯುವಷ್ಟು ಗಟ್ಟಿಯಾಗಿದೆ ಎನ್ನಬೇಕು. 2018ರ ಆಗಸ್ಟಿನಲ್ಲಿ ಅತಿವೃಷ್ಟಿ ಮತ್ತು ಭೂಕುಸಿತಗಳಿಂದ ಮಡಿಕೇರಿಯ ಸುತ್ತಲಿನ ಊರುಗಳು ನಲುಗಿದ ವರ್ಷ ಹಬ್ಬ ಆಡಂಬರವನ್ನು ಕಳಚಿ ಸರಳವಾಯಿತು, ಮುಂದೆ ಮತ್ತೆ ಮೊದಲಿನ ಗಾತ್ರಕ್ಕೆ ಮರಳಿತು. ಅಂಥ ಸರಳ ವರ್ಷಗಳಲ್ಲಿ ಜನ ಹಳೆಯ ಕಾಲದ ದಸರೆಯನ್ನು ಹೊಗಳಿದರು. ವೈಭವ ಮರಳಿದ ವರ್ಷ ಅವರೇ ಇರುಳಿಡೀ ನಿಂತು ನೋಡಿದರು.

ಇಷ್ಟು ಶ್ರಮ, ಹಣ ಮತ್ತು ವಾದಗಳನ್ನು ಹುಟ್ಟಿಸುವ ಕಲೆಗೆ ತಕ್ಕ ದಾಖಲೆಭಂಡಾರ ಬೇಕಾಗಿದೆ. ಪ್ರತಿವರ್ಷದ ಕಥಾಸಾರಾಂಶ, ಧ್ವನಿಮುದ್ರಿಕೆ, ಮೂರ್ತಿಗಳ ನಕ್ಷೆ, ಕಲಾವಿದರ ಮತ್ತು ತಂತ್ರಜ್ಞರ ಹೆಸರು ಇವುಗಳನ್ನು ಹತ್ತು ಸಮಿತಿಗಳೂ ಒಂದೆಡೆ ಒಪ್ಪಿಸುವ ಏರ್ಪಾಡಾದರೆ, ಮಡಿಕೇರಿ ಕೋಟೆಯೊಳಗಿನ ಹಳೆಯ ಚರ್ಚಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿಯೇ ಅದಕ್ಕೆ ಸ್ಥಳ ಕಲ್ಪಿಸಬಹುದು. ಮೊಬೈಲಿನ ಕಾಲಕ್ಕೆ ಹಿಂದಿನ ಮಂಟಪಗಳ ಛಾಯಾಚಿತ್ರಗಳು ಕೊಡಗಿನ ಮನೆಗಳ ಆಲ್ಬಮ್‌ಗಳಲ್ಲಿ, ಸ್ಟುಡಿಯೋಗಳ ನೆಗೆಟಿವ್‌ಗಳಲ್ಲಿ ಇನ್ನೂ ಉಳಿದಿರುವ ಸಂಭವವಿದೆ. ಅಂಥವು ಇರುವವರು ತೇವಕ್ಕೆ ಹಾಳಾಗುವ ಮುನ್ನ ಅವುಗಳ ಪ್ರತಿ ಮಾಡಿಸಿ, ಯಾವ ವರ್ಷದ, ಯಾವ ದೇವಾಲಯದ ಮಂಟಪವೆಂಬುದನ್ನು ಹಿಂಬದಿಯಲ್ಲಿ ಬರೆದಿಡಬೇಕು.